ಕಾಲೇಜಿಗೆ ಹೋಗುವ ಮಕ್ಕಳಿಗೂ, ಕಳಿಸುವ ಹಿರಿಯರಿಗೂ ನಾಲ್ಕು ಮಾತು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸವಿಲ್ಲ. ಹಾಲಿನ ಫ್ಯಾಟು, ಹಿಂಡಿ ಬೂಸಾ, ವಾರದ ಬಟವಾಡೆ, ಇಷ್ಟರ ಮೇಲೆ ಕೇಳಿದರೆ ಒಂದಷ್ಟು ಹೊತ್ತು ಮಾತಾಡ್ತೇವೆ. ನಾವು ಓದಿರುವುದು ಎಸ್.ಎಸ್.ಎಲ್.ಸಿ. ಈ ಸಲ ಕಾಲೇಜು ಸೇರುವ ಮಕ್ಕಳಿಗೆ ನೀವು ಎರಡು ಮಾತು ಹೇಳಬೇಕು ಅಂತ ಕಾರ್ಯದರ್ಶಿಗಳು ಬಂದು ಕೇಳಿದಾಗ, "ಸ್ವಾಮಿ, ಕಾಲೇಜಿನಿಂದ ಓಡಿ ಬಂದವರ ಕೈಲಿ ಕಾಲೇಜಿನ ಮಾತು ಆಡಿಸ್ತೀರಲ್ಲ" ಅಂದೆವು. ಅದಕ್ಕವರು, "ಓಡಿ ಬಂದವರಿಗೇ ದಾರಿಯಲ್ಲಿ ಎಲ್ಲಿ ಮುಳ್ಳಿದೆ ಅಂತ ಗೊತ್ತಿರೋದು" ಅಂದರು. ಆ ಮಾತಿಗೆ ಎದುರು ಹೇಳಲಾಗದೆ ಇಲ್ಲಿ ಬಂದು ನಿಂತಿದ್ದೇವೆ.

ನಮ್ಮ ಸಂಘಕ್ಕೆ 25 ವರ್ಷ ತುಂಬಿತು. ಕರ್ನಾಟಕದಲ್ಲಿ ಸಹಕಾರ ಅನ್ನೋದು 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಚ್ಚಿದ ದೀಪ. ಒಬ್ಬರ ಕೈಲಾಗದ್ದು ಹತ್ತು ಜನ ಸೇರಿದರೆ ಆಗುತ್ತೆ ಅನ್ನುವುದೇ ಅದರ ಸಾರ. ಈ 25 ವರ್ಷ ನಾವು ಆ ಸಾರವನ್ನು ಹಾಲಿನ ಕ್ಯಾನಿನಲ್ಲಿ ನೋಡಿದ್ದೇವೆ. ಮಕ್ಕಳ ಓದಿನಲ್ಲೂ ನೋಡಬೇಕಲ್ಲ ಅನ್ನುವುದೇ ಇವತ್ತಿನ ಮಾತು. ಯಾಕೆಂದರೆ ನಮ್ಮಲ್ಲಿ ಪಿ.ಯು.ಸಿ. ಪಾಸಾದವರನ್ನು ವೇದಿಕೆಗೆ ಕರೆದು ಶಾಲು ಹಾಕ್ತೇವೆ, ಫೋಟೋ ತೆಗೀತೇವೆ. ಆಮೇಲೆ ಆ ಮಗು ಬ್ಯಾಗು ಹೊತ್ತು ಬಸ್ಸು ಹತ್ತಿದ ಮೇಲೆ ಏನಾಯ್ತು ಅಂತ ಕೇಳುವವರಿಲ್ಲ. ಬಹಳ ಮಕ್ಕಳು ಕಷ್ಟಪಡುವುದು ಆಗಲೇ, ಮೊದಲನೇ ವರ್ಷದ ಮೊದಲ ಮೂರು ನಾಲ್ಕು ತಿಂಗಳಲ್ಲಿ.

ಒಂದು ಕಾಲಕ್ಕೆ ಡಿಗ್ರಿ ಓದಬೇಕಾದರೆ ಬಹಳ ದೂರ ಹೋಗಬೇಕಿತ್ತು. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ. ಮಾಡಿದ್ದು ಮದರಾಸಿನಲ್ಲಿ, 1914ರಲ್ಲಿ. ಆಗಿನ್ನೂ ಮೈಸೂರು ವಿಶ್ವವಿದ್ಯಾಲಯವೇ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ ಬಂದದ್ದು 1964ರಲ್ಲಿ. 2017ರಲ್ಲಿ ಅದನ್ನು ಮೂರು ಭಾಗ ಮಾಡಿ, ನಮ್ಮ ಪಾಲಿಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಅಂತ ಕೋಲಾರದ ಟಮಕದಲ್ಲೇ ಕಚೇರಿ ಮಾಡಿದರು. ಇವತ್ತು ಶ್ರೀನಿವಾಸಪುರದ ಹುಡುಗಿ ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿ ಸಾಯಂಕಾಲದ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರ್ತಾಳೆ. ಮಾಲೂರು, ಟೇಕಲ್ ಕಡೆಯ ಹುಡುಗರು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಾಲೇಜಿಗೆ ಹೋಗಿ ಬರ್ತಾರೆ. ಮುಳಬಾಗಿಲಿಗೆ ರೈಲಿಲ್ಲ, ಆ ಕಡೆ ಮಕ್ಕಳು ಹೈವೇ ಬಸ್ಸು ಹಿಡೀಬೇಕು, ಬೆಂಗಳೂರಿನಲ್ಲೇ ಓದುವುದಾದರೆ ಹಾಸ್ಟೆಲ್ಲೋ ರೂಮೋ ನೋಡಿಕೊಳ್ಳಬೇಕು. ಒಟ್ಟಿನಲ್ಲಿ ದೂರ ಕಮ್ಮಿಯಾಯ್ತು. ಆದರೆ ಮಕ್ಕಳ ಎದೆಯೊಳಗಿನ ಭಯ ಕಮ್ಮಿಯಾಗಿಲ್ಲ.

ಆ ಭಯದ ಬಗ್ಗೆ ನಮ್ಮ ಅನುಭವವನ್ನೇ ಮೊದಲು ಹೇಳ್ತೇವೆ. ಇದನ್ನು 27 ವರ್ಷ ಯಾರಿಗೂ ಹೇಳಿರಲಿಲ್ಲ. ಮನೆಯವರಿಗೂ ಹೇಳಿರಲಿಲ್ಲ.

1996ರಲ್ಲಿ ನಾವು ಎಸ್.ಎಸ್.ಎಲ್.ಸಿ. ಪಾಸಾದೆವು. ಊರಿನ ಮೇಷ್ಟ್ರು, "ಹುಡುಗ ಲೆಕ್ಕದಲ್ಲಿ ಚುರುಕು, ಸೈನ್ಸಿಗೆ ಹಾಕಿ" ಅಂದರು. ನಮ್ಮ ತಂದೆ ಒಂದು ಕರು ಮಾರಿ ಪೇಟೆಯ ಕಾಲೇಜಿನಲ್ಲಿ ಪಿ.ಯು.ಸಿ.ಗೆ ಸೇರಿಸಿದರು. ನಾವು ಹತ್ತನೇ ತರಗತಿ ತನಕ ಓದಿದ್ದು ಕನ್ನಡದಲ್ಲಿ. ಆಮ್ಲ, ಪ್ರತ್ಯಾಮ್ಲ, ದ್ಯುತಿಸಂಶ್ಲೇಷಣೆ, ಜಡತ್ವ, ವೇಗೋತ್ಕರ್ಷ, ಇವೆಲ್ಲ ನಮಗೆ ಬಾಯಿಪಾಠ. ಕಾಲೇಜಿನಲ್ಲಿ ನೋಡಿದರೆ ಇವು ಯಾವುವೂ ಇಲ್ಲ. ಎಲ್ಲಾ ಬೇರೆ ಹೆಸರು. ನಮಗೆ ಗೊತ್ತಿದ್ದ ಜನರೇ ಬೇರೆ ವೇಷ ಹಾಕಿಕೊಂಡು ಬಂದ ಹಾಗೆ. ಗುರುತು ಸಿಗದು.

ಒಂದು ದಿವಸ ಲೆಕ್ಚರರು ಆಕ್ಸಿಲರೇಷನ್ ಅಂದರೇನು ಅಂತ ಕೇಳಿದರು. ಬೋರ್ಡಿನ ಮೇಲಿನ ಸೂತ್ರ ನೋಡಿ ನಮಗೆ ಹೊಳೆಯಿತು. ಇದು ನಮ್ಮ ಹಳೇ ಪರಿಚಯದ್ದೇ ಅಂತ ಸಂತೋಷವಾಗಿ ಎದ್ದು ನಿಂತು, "ವೇಗೋತ್ಕರ್ಷ ಸಾರ್" ಅಂದೆವು. ಇಡೀ ಕ್ಲಾಸು ನಕ್ಕಿತು. ಯಾವುದೋ ಋಷಿಯ ಹೆಸರು ಹೇಳಿದ ಹಾಗೆ ನಕ್ಕರು. ಲೆಕ್ಚರರೂ ಸ್ವಲ್ಪ ನಕ್ಕು ಕೂರಿಸಿದರು. ಮಾರನೇ ದಿನದಿಂದ ಹುಡುಗರು ನಮ್ಮನ್ನು ವೇಗೋತ್ಕರ್ಷ ಅಂತಲೇ ಕರೆದರು. ನಾವು ಕೊನೇ ಬೆಂಚಿಗೆ ಹೋದೆವು. ಕೊನೇ ಬೆಂಚಿನಿಂದ ಬಾಗಿಲ ಹೊರಗೆ, ಅಲ್ಲಿಂದ ಬಸ್ ಸ್ಟ್ಯಾಂಡಿಗೆ. ದಿನಾ ಬುತ್ತಿ ಕಟ್ಟಿಸಿಕೊಂಡು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಊಟ ಮಾಡಿ ವಾಪಸ್ಸು ಬರೋದು. ಮೂರನೇ ತಿಂಗಳಲ್ಲಿ ಅದೂ ನಿಂತು ಹೋಯ್ತು. "ಯಾಕೋ ಹೋಗಲಿಲ್ಲ" ಅಂದರು ತಂದೆ. "ಆಗಲ್ಲ" ಅಂದೆವು. "ಹೋಗಲಿ ಬಿಡು, ಹೊಲ ಇದೆಯಲ್ಲ" ಅಂದರು. ಅಲ್ಲಿಗೆ ಮುಗೀತು. ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಯಾಕೆ ಆಗಲ್ಲ ಅಂತ ಎರಡನೇ ಸಲ ಕೇಳಲೂ ಇಲ್ಲ. ಅವರ ತಪ್ಪು ಅಂತ ನಾವು ಹೇಳಲ್ಲ. ಕೇಳಿದರೂ ಏನು ಮಾಡಬೇಕು ಅಂತ ಅವರಿಗೆ ತಿಳಿದಿರಲಿಲ್ಲ.

ಬೇಸಾಯ ಮಾಡಿ ನಾವು ಕೆಟ್ಟಿಲ್ಲ. ಹಸು ಇದೆ, ಮಾವಿನ ತೋಟ ಇದೆ, ತಮ್ಮೆಲ್ಲರ ವಿಶ್ವಾಸದಿಂದ ನಿರ್ದೇಶಕರೂ ಆಗಿದ್ದೇವೆ. ಆದರೆ ಬೇಕು ಅಂತ ಬೇಸಾಯಕ್ಕೆ ಬರೋದು ಬೇರೆ, ಹೆದರಿ ಬರೋದು ಬೇರೆ. ಈ ವ್ಯತ್ಯಾಸ ಮಕ್ಕಳು ಗಮನಿಸಬೇಕು.

ಇನ್ನು ನಮ್ಮ ಮಗಳ ವಿಷಯ. ಅವಳನ್ನು ಕೇಳಿಯೇ ಹೇಳ್ತಿದ್ದೇವೆ. "ಹೇಳಪ್ಪಾ, ಯಾರಿಗಾದರೂ ಉಪಯೋಗ ಆಗಲಿ" ಅಂದಳು.

ಅವಳೂ ಹತ್ತರ ತನಕ ಕನ್ನಡದಲ್ಲೇ ಓದಿ, ತಾಲ್ಲೂಕಿನ ಕಾಲೇಜಿನಲ್ಲಿ ಸೈನ್ಸ್ ಪಿ.ಯು.ಸಿ. ಮಾಡಿದಳು. ಅಲ್ಲಿ ಲೆಕ್ಚರರು ಕನ್ನಡದಲ್ಲಿ ಬಿಡಿಸಿ ಹೇಳಿ ಇಂಗ್ಲಿಷಿನಲ್ಲಿ ಬರೆಸೋರು. ಒಳ್ಳೇ ನಂಬರೇ ಬಂತು. 2023ರಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಹಾಸ್ಟೆಲ್ಲೂ ಸಿಕ್ಕಿತು. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. ಬಸ್ ಚಾರ್ಜಿನ ಚಿಂತೆ ಇಲ್ಲ, ವಾರಕ್ಕೊಂದು ಸಲ ಬಂದು ಹೋಗು ಅಂತ ಹೇಳಿ ಬಿಟ್ಟು ಬಂದೆವು.

ಮೊದಲನೇ ವಾರ ದಿನಾ ಫೋನು. ಎರಡನೇ ವಾರ ಫೋನು ಕಮ್ಮಿಯಾಯ್ತು. ಹೊಂದಿಕೊಂಡಳು ಅಂತ ನಾವು ಸಂತೋಷಪಟ್ಟೆವು. ಅದೇ ನಾವು ಮಾಡಿದ ಮೊದಲನೇ ತಪ್ಪು. ಹಸು ಕೂಗೋದು ನಿಲ್ಲಿಸಿದರೆ ಹೊಟ್ಟೆ ತುಂಬಿದೆ ಅಂತಲೇ ಅರ್ಥವಲ್ಲ, ಮೇವು ಬಿಟ್ಟಿದ್ದರೂ ಸುಮ್ಮನಿರುತ್ತೆ. ನಾಲ್ಕನೇ ವಾರ ಶನಿವಾರ ಬಂದವಳು ಭಾನುವಾರ ರಾತ್ರಿ, "ನಾಳೆ ನಾನು ಹೋಗಲ್ಲ" ಅಂದಳು. ಬಟ್ಟೆಯೆಲ್ಲ ವಾಪಸ್ಸು ತಂದುಬಿಟ್ಟಿದ್ದಳು.

ನಮ್ಮ ತಾಯಿ, "ಬಿಡೋ, ಹೆಣ್ಣುಮಗು, ಮನೇಲಿರಲಿ, ಒಳ್ಳೇ ಕಡೆ ನೋಡಿ ಕೊಡೋಣ" ಅಂದರು. ಮನೆಯವರು ಏನೂ ಮಾತಾಡದೆ ಸೊಪ್ಪು ಬಿಡಿಸ್ತಾ ಕೂತರು. ಎಲ್ಲರೂ ನಮ್ಮ ಮುಖ ನೋಡ್ತಿದ್ದಾರೆ. ನಿಜ ಹೇಳಬೇಕು ಅಂದರೆ, ನಮ್ಮ ಬಾಯಿಗೂ ಅದೇ ಮಾತು ಬಂದಿತ್ತು. "ಹೋಗಲಿ ಬಿಡಮ್ಮ" ಅನ್ನೋ ಮಾತು. ನಮ್ಮ ತಂದೆ ಆಡಿದ ಮಾತೇ ನಮ್ಮ ನಾಲಿಗೆ ತುದಿಗೆ ಬಂದು ನಿಂತಿತ್ತು.

ಆ ಹೊತ್ತಿಗೆ ಕರು ಕಟ್ಟಬೇಕಿತ್ತು. "ಬಾಮ್ಮ, ಟಾರ್ಚು ಹಿಡಿ" ಅಂತ ಅವಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದೆವು. ಅಲ್ಲಿ ಕೇಳಿದೆವು, "ಆಗಲ್ಲ ಅಂದರೆ ಏನಾಗಲ್ಲ? ಒಂದೊಂದೇ ಹೇಳು."

ಆಗ ಹೇಳಿದಳು. ಹಾಸ್ಟೆಲ್ಲಿನಲ್ಲಿ ಅಜ್ಜಿ ಜೊತೆ ಫೋನಿನಲ್ಲಿ ತೆಲುಗು ಮಾತಾಡಿದ್ದಕ್ಕೆ, "ನೀನು ಆಂಧ್ರದವಳಾ?" ಅಂತ ಕೇಳಿದರಂತೆ. ಕನ್ನಡ ಮಾತಾಡಿದರೆ ಅದರ ರಾಗಕ್ಕೆ ನಗ್ತಾರೆ. ಕ್ಲಾಸಿನಲ್ಲಿ ಇಂಗ್ಲಿಷು ಬಿಟ್ಟು ಬೇರೆ ಮಾತಿಲ್ಲ. ಸೆಮಿನಾರ್ ಅಂತ ಐದು ನಿಮಿಷ ಎಲ್ಲರ ಮುಂದೆ ಮಾತಾಡಬೇಕಂತೆ. ಇವಳ ಸರದಿ ಬಂದಾಗ ನಿಂತಳು, ಬಾಯಿ ಬರಲಿಲ್ಲ, ಹಿಂದಿನಿಂದ ಯಾರೋ ಅವಳು ಮಾತಾಡುವ ಧಾಟಿಯನ್ನು ಅಣಕ ಮಾಡಿದರು. "ಅಷ್ಟೂ ಜನದಲ್ಲಿ ನಾನೊಬ್ಬಳೇ ದಡ್ಡಿ ಅಪ್ಪಾ" ಅಂದಳು.

ನಮಗೆ ಮೈ ಜುಂ ಅಂದಿತು. 27 ವರ್ಷದ ಹಿಂದಿನ ಆ ಕ್ಲಾಸು ಕಣ್ಣ ಮುಂದೆ ಬಂತು. ಅವತ್ತು ಮೊದಲನೇ ಸಲ ನಮ್ಮ ವೇಗೋತ್ಕರ್ಷದ ಕಥೆ ಬಾಯಿಬಿಟ್ಟು ಹೇಳಿದೆವು. ಅವಳು ಕೇಳ್ತಾ ಕೇಳ್ತಾ ಮೊದಲು ನಕ್ಕಳು, ಆಮೇಲೆ ಅತ್ತಳು. ಅತ್ತು ಒಂದು ಮಾತು ಹೇಳಿದಳು. "ಅಪ್ಪಾ, ನಿನ್ನ ಉತ್ತರ ಸರಿಯಾಗೇ ಇತ್ತಲ್ಲಪ್ಪಾ."

ಸಭಿಕರೇ, 27 ವರ್ಷ ಆದ ಮೇಲೆ ಒಬ್ಬರು ನಮ್ಮ ಉತ್ತರ ಸರಿ ಅಂದರು. ಅವತ್ತು ಆ ಕ್ಲಾಸಿನಲ್ಲಿ ಒಬ್ಬನೇ ಒಬ್ಬ ಆ ಮಾತು ಹೇಳಿದ್ದರೆ ನಮ್ಮ ದಾರಿ ಬೇರೆ ಇರ್ತಿತ್ತೋ ಏನೋ.

ಸೋಮವಾರ ಮೊದಲನೇ ಬಸ್ಸಿಗೆ ಅವಳ ಜೊತೆ ನಾವೂ ಹೊರಟೆವು. ಕಾಲೇಜಿನ ಕಾಂಪೌಂಡಿನಲ್ಲಿ ಮರದ ಕೆಳಗೆ ಕೂತೆವು. ಮಧ್ಯಾಹ್ನ ಒಬ್ಬರು ಮೇಡಂ ಬಂದು ಯಾರು ಅಂತ ವಿಚಾರಿಸಿದರು. ವಿಷಯ ಹೇಳಿದೆವು. ಅವರು, "ನಮ್ಮದೂ ಹಳ್ಳಿಯೇ. ನಿಮ್ಮ ಹುಡುಗಿ ಕನ್ನಡದಲ್ಲೇ ಪ್ರಶ್ನೆ ಕೇಳಲಿ, ಹೇಳಿಕೊಡ್ತೀನಿ. ಆದರೆ ಕೇಳಬೇಕು. ಕೇಳದೆ ಇದ್ದರೆ ನೂರು ಜನರಲ್ಲಿ ಯಾರಿಗೆ ಅರ್ಥವಾಗಿಲ್ಲ ಅಂತ ನಮಗೆ ಹೇಗೆ ತಿಳಿಯುತ್ತೆ?" ಅಂದರು. ಇನ್ನೊಂದು ಮಾತೂ ಹೇಳಿದರು. ಅದೇ ಕ್ಲಾಸಿನಲ್ಲಿ ಮಾಲೂರು ಕಡೆಯವಳೊಬ್ಬಳು, ಚಿಂತಾಮಣಿ ಕಡೆಯವಳೊಬ್ಬಳು, ಪಾವಗಡದವಳೊಬ್ಬಳು ಇದ್ದಾರೆ, ಮೂವರೂ ಮೂರು ಮೂಲೆಯಲ್ಲಿ ಕೂತು ತಾವೊಬ್ಬರೇ ದಡ್ಡರು ಅಂತ ಅಂದುಕೊಂಡಿದ್ದಾರೆ ಅಂತ.

ಆ ನಾಲ್ಕು ಜನ ಒಂದಾದರು. ಸಾಯಂಕಾಲ ಒಂದು ಗಂಟೆ ಕೂತು, ಅವತ್ತಿನ ಪಾಠವನ್ನು ಕನ್ನಡ ತೆಲುಗು ಬೆರೆಸಿ ಒಬ್ಬರಿಗೊಬ್ಬರು ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆದರು. ಹೊಸ ಪದಗಳಿಗೆ ಒಂದು ನೋಟ್‌ಬುಕ್ ಮಾಡಿ, ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಬರೆದುಕೊಂಡರು. ಇದೂ ಸಹಕಾರ ಸಂಘವೇ ಅಲ್ಲವಾ? ಷೇರು ಹಣ ಇಲ್ಲ ಅಷ್ಟೇ.

ಮುಂದೆ ಅವಳಿಗೆ ರ‍್ಯಾಂಕ್ ಬಂತು ಅಂತ ಹೇಳಿದರೆ ಕಥೆ ಚೆನ್ನಾಗಿರ್ತಿತ್ತು. ಬರಲಿಲ್ಲ. ಮೊದಲನೇ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋಯ್ತು. ಮತ್ತೆ ಕಟ್ಟಿ ಪಾಸು ಮಾಡಿದಳು. ಮೂರನೇ ವರ್ಷದ ತನಕ ಬಂದಿದ್ದಾಳೆ. ಸೆಮಿನಾರಿನಲ್ಲಿ ಈಗಲೂ ಕೈ ನಡುಗುತ್ತೆ ಅಂತಾಳೆ, ಆದರೆ ಮಾತಾಡ್ತಾಳೆ. ನಮಗೆ ಅಷ್ಟು ಸಾಕು.

ಭಾಷೆಯ ವಿಷಯಕ್ಕೆ ನಮ್ಮ ಜಿಲ್ಲೆಯ ಮಕ್ಕಳು ಒಂದು ಸಂಗತಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮನೆಗಳಲ್ಲಿ ತೆಲುಗು. ಮಾಲೂರಿನ ಗಡಿ ಕಡೆ ತಮಿಳೂ ಉಂಟು. ಶಾಲೆಯಲ್ಲಿ ಕನ್ನಡ. ಕಾಲೇಜಿನಲ್ಲಿ ಇಂಗ್ಲಿಷು. ಬೇರೆಯವರು ಒಂದು ಮೆಟ್ಟಿಲು ಹತ್ತುವ ಕಡೆ ನಮ್ಮ ಮಕ್ಕಳು ಎರಡು ಮೆಟ್ಟಿಲು ಹತ್ತಬೇಕು. ಏದುಸಿರು ಬರೋದು ಸಹಜ, ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಮಾಸ್ತಿಯವರ ಮನೆಮಾತು ತಮಿಳು. ಕನ್ನಡದ ಸಣ್ಣಕತೆಗಳಿಗೆ ದೊಡ್ಡವರು ಯಾರು ಅಂದರೆ ಅವರೇ. 1983ರಲ್ಲಿ ಜ್ಞಾನಪೀಠ ಪ್ರಶಸ್ತಿಯೂ ಬಂತು. ಎರಡು ಮೂರು ಭಾಷೆಯಲ್ಲಿ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಬಾರದೆ ಇರುವುದಿಲ್ಲ, ಸ್ವಲ್ಪ ಟೈಮು ಬೇಕು.

ಅವಿಭಜಿತ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯನವರು. ಬಡವರ ಮನೆಯ ಹುಡುಗ. 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಊರಿನಿಂದ ಬೆಂಗಳೂರಿನ ತನಕ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಆಮೇಲೆ ಸೆಂಟ್ರಲ್ ಕಾಲೇಜು, ಭೌತಶಾಸ್ತ್ರ, ಮುಂದೆ ಅಮೆರಿಕಾದ ಓಹಿಯೋದಲ್ಲಿ ಡಾಕ್ಟರೇಟ್. 1972ರಿಂದ 1977ರ ತನಕ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು. ಕುಲಪತಿಯಾದರೂ ಹಾಸ್ಟೆಲ್ಲಿನ ಕೋಣೆಯ ವಾಸ ಬಿಡಲಿಲ್ಲ. ನಡೆದು ಹೋದ ದಾರಿ ಅವರಿಗೆ ಕೊನೇ ತನಕ ನೆನಪಿತ್ತು.

ಕೆಲವು ಹುಡುಗರು ನಮ್ಮ ಮುಂದೆ ವಾದ ಮಾಡ್ತಾರೆ. "ಮುಳಬಾಗಿಲಿನ ಡಿ.ವಿ.ಜಿ.ಯವರು ಮೆಟ್ರಿಕ್ ಕೂಡ ಪಾಸಾಗಿರಲಿಲ್ಲ, ಆದರೂ ದೊಡ್ಡವರಾಗಲಿಲ್ಲವಾ?" ಅಂತ. ಆದರು. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಡಿ.ವಿ.ಜಿ. ಪರೀಕ್ಷೆ ಬಿಟ್ಟರೇ ಹೊರತು ಓದು ಬಿಡಲಿಲ್ಲ. ಹೊಟ್ಟೆಪಾಡಿಗೆ ಸೋಡಾ ಫ್ಯಾಕ್ಟರಿಯಲ್ಲಿ ದುಡಿದವರು, ಸಂಸ್ಕೃತ, ಇಂಗ್ಲಿಷನ್ನು ತಾವಾಗಿ ಕಲಿತು ಪತ್ರಿಕೆ ನಡೆಸಿದರು. ಕಾಲೇಜು ಬಿಟ್ಟು ಮೊಬೈಲು ಹಿಡಿದು ಅರಳಿಕಟ್ಟೆಯಲ್ಲಿ ಕೂತವರು ಡಿ.ವಿ.ಜಿ.ಯವರ ಹೆಸರು ಹೇಳಬಾರದು.

ಈಗ ಮಕ್ಕಳಿಗೆ ಕೆಲವು ವ್ಯವಹಾರದ ಮಾತು. ಇದೆಲ್ಲ ನಮ್ಮ ಮಗಳು ಮತ್ತು ಅವಳ ಜೊತೆಯವರು ಬರೆದುಕೊಟ್ಟಿದ್ದು.

ಒಂದನೆಯದು, ಹಾಜರಿ. ಶೇಕಡ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಅರ್ಥವಾಗಲಿಲ್ಲ ಅಂತ ಕ್ಲಾಸು ತಪ್ಪಿಸಿದರೆ ಮಾರನೇ ದಿನ ಇನ್ನೂ ಅರ್ಥವಾಗಲ್ಲ. ಅರ್ಥವಾಗದಿದ್ದರೂ ಹೋಗಿ ಕೂತುಕೊಳ್ಳಿ. ನೀರಿಗಿಳಿಯದೆ ಈಜು ಬರಲ್ಲ.

ಎರಡನೆಯದು, ಸೆಮಿಸ್ಟರ್. ಶಾಲೆಯಂತೆ ವರ್ಷದ ಕೊನೆಗೆ ಒಂದೇ ಪರೀಕ್ಷೆ ಅಲ್ಲ. ವರ್ಷಕ್ಕೆ ಎರಡು. ಕಾಲೇಜು ಯಾವುದು ಲೈಬ್ರರಿ ಎಲ್ಲಿ ಅಂತ ತಿಳಿಯುವುದರೊಳಗೆ ಪರೀಕ್ಷೆ ಬಂದಿರುತ್ತೆ. ನಡುವೆ ಇಂಟರ್ನಲ್ಸ್ ಅಂತ ಕಾಲೇಜಿನವರೇ ಹಾಕುವ ಅಂಕಗಳೂ ಉಂಟು. ಅದನ್ನು ಬಿಡಬೇಡಿ. ಒಂದು ವಿಷಯ ಹೋದರೆ ಜೀವನ ಹೋಯ್ತು ಅಂತ ಅಲ್ಲ, ಮತ್ತೆ ಬರೆಯಬಹುದು. 2021ರಲ್ಲಿ ನಾಲ್ಕು ವರ್ಷದ ಪದವಿ ಅಂತ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದಿದ್ದಾರೆ. ಅಣ್ಣ ಅಕ್ಕ ಹೇಳಿದ ಹಳೇ ಲೆಕ್ಕ ನಂಬಿಕೊಂಡು ಕೂರದೆ, ನಿಮ್ಮ ಬ್ಯಾಚಿನ ನಿಯಮ ಏನು ಅಂತ ಕಾಲೇಜಿನ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ.

ಮೂರನೆಯದು, ವಿದ್ಯಾರ್ಥಿವೇತನ. ಎಸ್.ಎಸ್.ಪಿ. ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯದ ಸರ್ಟಿಫಿಕೇಟಿನ ಆರ್.ಡಿ. ನಂಬರು ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಹೆಸರಿನಲ್ಲಿ ಒಂದಕ್ಷರ ಹೆಚ್ಚು ಕಮ್ಮಿಯಾದರೂ ತಾಲ್ಲೂಕು ಕಚೇರಿಗೆ ಓಡಾಡಬೇಕು. ಇದನ್ನೆಲ್ಲ ರಿಸಲ್ಟ್ ಬಂದ ವಾರದಲ್ಲೇ ನೋಡಿಕೊಳ್ಳಿ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲುಗಳಿಗೂ ಕೊನೇ ತಾರೀಖಿನ ತನಕ ಕಾಯಬೇಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆ ವಿದ್ಯಾಸಿರಿ ಯೋಜನೆ ಉಂಟು, ಅದಕ್ಕೂ ಅರ್ಜಿ ಹಾಕಿ.

ನಾಲ್ಕನೆಯದು, ರ‍್ಯಾಗಿಂಗ್. ತಮಾಷೆ ಅಂತ ಹೇಳಿ ಮನಸ್ಸಿಗೆ ನೋವಾಗುವ ಹಾಗೆ ಯಾರಾದರೂ ಮಾಡಿದರೆ ಅದು ಅಪರಾಧ. ಯು.ಜಿ.ಸಿ.ಯವರು 2009ರಲ್ಲೇ ನಿಯಮ ಮಾಡಿದ್ದಾರೆ. 1800-180-5522 ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೀಳಲ್ಲ.

ಐದನೆಯದು, ಮನಸ್ಸು. ರಾತ್ರಿ ನಿದ್ದೆ ಬರಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನಿಸುತ್ತೆ ಅನ್ನುವ ಹಾಗಾದರೆ ಅದನ್ನು ಒಳಗೆ ಇಟ್ಟುಕೊಳ್ಳಬೇಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರದವರು ಟೆಲಿ ಮಾನಸ್ ಅಂತ ಶುರು ಮಾಡಿದ್ದಾರೆ. ನಂಬರು 14416. ಕನ್ನಡದಲ್ಲೇ ಮಾತಾಡ್ತಾರೆ. ಹಸುವಿಗೆ ಕೆಚ್ಚಲು ಬಾವು ಬಂದರೆ ಡಾಕ್ಟರಿಗೆ ಫೋನ್ ಮಾಡಲು ನಾವು ನಾಚಿಕೊಳ್ತೇವಾ? ಮನುಷ್ಯರ ಮನಸ್ಸಿಗೆ ಮಾತ್ರ ಯಾಕೆ ನಾಚಿಕೆ?

ಊಟದ ವಿಷಯವನ್ನೂ ಒಂದು ಮಾತು ಹೇಳಿಬಿಡ್ತೇವೆ. ಮುದ್ದೆ ಬಸ್ಸಾರು ತಿಂದು ಬೆಳೆದ ಹೊಟ್ಟೆಗೆ ಮೂರು ಹೊತ್ತೂ ಅನ್ನ ಅಂದರೆ ಕಷ್ಟವೇ. ನಮ್ಮ ಮಗಳು ಅತ್ತಿದ್ದರಲ್ಲಿ ಅರ್ಧ ಮುದ್ದೆಗೆ ಅಂತ ಅವಳ ಅಮ್ಮ ಈಗಲೂ ತಮಾಷೆ ಮಾಡ್ತಾರೆ. ಊರಿಗೆ ಬಂದಾಗ ಹುರಿಹಿಟ್ಟು ಕಟ್ಟಿಸಿಕೊಂಡು ಹೋಗಿ. ಅದರಲ್ಲೇನೂ ಅವಮಾನ ಇಲ್ಲ.

ಇನ್ನು ತಂದೆ ತಾಯಂದಿರಿಗೆ. ನಮ್ಮ ನೆರೆಹೊರೆಯ ಒಬ್ಬ ಹುಡುಗನ ಸಂಗತಿ ಹೇಳ್ತೇವೆ, ಊರು ಹೆಸರು ಕೇಳಬೇಡಿ. ಅವನ ತಂದೆ ಕರೆಯುವ ಹಸು ಮಾರಿ ಫೀಸು ಕಟ್ಟಿದ. ಹುಡುಗ ಎರಡನೇ ತಿಂಗಳಿಗೇ ಕಾಲೇಜು ಬಿಟ್ಟ. ಮನೆಯಲ್ಲಿ ಹೇಳಲಿಲ್ಲ. ಎಂಟು ತಿಂಗಳು ಹೋಗ್ತಿದ್ದೀನಿ ಅಂತಲೇ ನಂಬಿಸಿ, ಎಲ್ಲೋ ಕೂಲಿ ಮಾಡಿ ಅದರಲ್ಲೇ ಊಟ ಮಾಡಿಕೊಂಡಿದ್ದ. ಪರೀಕ್ಷೆ ಹೊತ್ತಿಗೆ ಬಯಲಾಯ್ತು. ಅಪ್ಪ ಮಗ ಮಾತು ಬಿಟ್ಟರು. ನಾವು ಹೋಗಿ ಹುಡುಗನನ್ನು ಕೇಳಿದೆವು, "ಯಾಕಪ್ಪ ಮೊದಲೇ ಹೇಳಲಿಲ್ಲ?" ಅವನು ಹೇಳಿದ, "ದಿನಾ ಫೋನಿನಲ್ಲಿ ಅಪ್ಪ, ಹಸು ಮಾರಿದ್ದೀನಿ ನೆನಪಿರಲಿ ಅಂತಿದ್ದರು. ಆಗಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?" ಅವನು ಈಗ ನರಸಾಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾನೆ. ದುಡಿದು ತಿನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಎಂಟು ತಿಂಗಳು ಅವನು ಒಬ್ಬನೇ ಪಟ್ಟ ಪಾಡು ನೆನೆದರೆ ಹೊಟ್ಟೆ ಉರಿಯುತ್ತೆ. ಅವನಿಗೆ ನಾವು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ವಿಷಯ ಹೇಳಿದ್ದೇವೆ. ಅದು ಶುರುವಾದದ್ದು 1996ರಲ್ಲಿ, ನಾವು ಕಾಲೇಜು ಬಿಟ್ಟ ವರ್ಷವೇ. ಕೆಲಸ ಮಾಡ್ತಾ ಓದಬಹುದು. ಬಾಗಿಲು ಮುಚ್ಚಿಲ್ಲ.

ಆದ್ದರಿಂದ ಹಿರಿಯರಲ್ಲಿ ನಮ್ಮ ವಿನಂತಿ. ಮಾರಿದ ಹಸುವಿನ ಲೆಕ್ಕ ಮಗುವಿಗೆ ದಿನಾ ಒಪ್ಪಿಸಬೇಡಿ. "ಎಲ್ಲಾ ಸರಿಹೋಗುತ್ತೆ ಬಿಡು" ಅಂತ ಫೋನು ಇಟ್ಟುಬಿಡಬೇಡಿ. "ಆಗಲ್ಲ ಅಂದರೆ ವಾಪಸ್ಸು ಬಾ" ಅಂತಲೂ ಆತುರಪಡಬೇಡಿ. ಏನಾಗಲ್ಲ ಅಂತ ಕೇಳಿ. ಎರಡನೇ ಸಲ, ಮೂರನೇ ಸಲ ಕೇಳಿ. ನಮಗೆ ಇಂಗ್ಲಿಷು ಬರಲ್ಲ, ಕಾಲೇಜು ಗೊತ್ತಿಲ್ಲ, ನಿಜ. ಕೇಳುವುದಕ್ಕೆ ಇಂಗ್ಲಿಷು ಬೇಕಾಗಿಲ್ಲ.

ನಮಗೆಲ್ಲ ಗೊತ್ತಿರುವ ಸಂಗತಿ. ಸಂತೆಯಿಂದ ತಂದ ಸೀಮೆಹಸು ಹೊಸ ಕೊಟ್ಟಿಗೆಯಲ್ಲಿ ಮೊದಲ ದಿನಗಳಲ್ಲಿ ಹಾಲು ಇಳಿಸುತ್ತೆ. ಮೋಸ ಹೋದೆವು ಅಂತ ಮಾರನೇ ದಿನವೇ ಸಂತೆಗೆ ಹೊಡೆದುಕೊಂಡು ಹೋಗ್ತೇವಾ? ನೀರು, ಮೇವು, ಕೈ, ಎಲ್ಲಾ ಹೊಸದು ಅಂತ ಕಾಯ್ತೇವೆ. ಟೊಮೇಟೊ ಸಸಿ ನರ್ಸರಿಯಿಂದ ತಂದು ನಾಟಿ ಮಾಡಿದರೆ ಎರಡು ಮೂರು ದಿನ ತಲೆ ಬಾಗಿಸುತ್ತೆ. ಬೇರು ಹಿಡಿದಿದೆಯಾ ಅಂತ ಕಿತ್ತು ನೋಡುವವನನ್ನು ರೈತ ಅಂತ ಕರೆಯಲ್ಲ. ನೀರು ಬಿಟ್ಟು ಕಾಯಬೇಕು. ಹಸುವಿಗೆ, ಸಸಿಗೆ ತೋರಿಸುವ ತಾಳ್ಮೆಯನ್ನು ನಮ್ಮ ಮಕ್ಕಳಿಗೂ ಒಂದು ಸೆಮಿಸ್ಟರು ತೋರಿಸೋಣ.

ಕೊನೆಯದಾಗಿ ಸಂಘಕ್ಕೆ ಮೂರು ಸಲಹೆ ಇಡ್ತೇವೆ. ಇದು ಆಡಳಿತ ಮಂಡಳಿಯ ತೀರ್ಮಾನ ಅಲ್ಲ, ನಮ್ಮ ಮಾತು. ಮಹಾಸಭೆಯಲ್ಲಿ ತಾವು ಚರ್ಚೆ ಮಾಡಬೇಕು.

ಮೊದಲನೆಯದು, ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಈಗಾಗಲೇ ಕಾಲೇಜು ಓದುತ್ತಿರುವವರ ಪಟ್ಟಿಯನ್ನು ಸಂಘದ ಕಚೇರಿಯಲ್ಲಿ ಇಡೋಣ. ಹೊಸದಾಗಿ ಸೇರುವ ಪ್ರತಿ ಮಗುವಿಗೂ ಹಳಬರು ಒಬ್ಬರು ಜೊತೆಯಾಗಲಿ. ಮೊದಲನೇ ದಿನ ಜೊತೆಯಲ್ಲಿ ಹೋಗಲಿ, ತಿಂಗಳಿಗೆ ಎರಡು ಸಲ ಫೋನು ಮಾಡಿ ವಿಚಾರಿಸಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡನೆಯದು, ವಿದ್ಯಾರ್ಥಿವೇತನ ಬರುವುದು ತಡ, ಫೀಸು ಕಟ್ಟಬೇಕಾದ್ದು ಮೊದಲು. ಆ ನಡುವಿನ ತಿಂಗಳುಗಳಿಗೆ, ಬೈಲಾದಲ್ಲಿ ಅವಕಾಶ ನೋಡಿಕೊಂಡು, ಕೈಗಡದ ಹಾಗೆ ಸ್ವಲ್ಪ ಹಣ ಕೊಟ್ಟು ಹಾಲಿನ ಬಟವಾಡೆಯಲ್ಲಿ ಕಂತು ಕಂತಾಗಿ ಹಿಡಿದುಕೊಳ್ಳುವ ಏರ್ಪಾಡು ಆಗಲಿ. ಹಿಂಡಿಗೆ ಹಾಗೆ ಕೊಡ್ತೇವೆ, ಮಕ್ಕಳ ಫೀಸಿಗೂ ಕೊಡೋಣ. ಕರೆಯುವ ಹಸು ಮಾರುವುದು ತಪ್ಪುತ್ತೆ.

ಮೂರನೆಯದು, ಪ್ರತಿಭಾ ಪುರಸ್ಕಾರದಲ್ಲಿ ಇನ್ನು ಮುಂದೆ ಹೆಚ್ಚು ನಂಬರು ತೆಗೆದವರನ್ನು ಕರೆಯುವುದರ ಜೊತೆಗೆ, ಮೊದಲನೇ ವರ್ಷ ದಾಟಿದ ಮಕ್ಕಳನ್ನೂ ಕರೆಯೋಣ. ಒಂದು ವಿಷಯ ಹೋಗಿ ಮತ್ತೆ ಕಟ್ಟಿ ಪಾಸಾದವರನ್ನೂ ಕರೆಯೋಣ. ಬಿದ್ದು ಎದ್ದವರನ್ನು ನೋಡಿದರೆ ಬೀಳುವ ಭಯ ಇರುವ ಮಕ್ಕಳಿಗೆ ಧೈರ್ಯ ಬರುತ್ತೆ.

ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳೇ, ನಿಮ್ಮಲ್ಲಿ ಯಾರಾದರೂ ನಾಳೆ ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳಿದಾಗ ಜನ ನಗಬಹುದು. ನಗಲಿ. ನಕ್ಕ ಮಾತ್ರಕ್ಕೆ ಉತ್ತರ ತಪ್ಪಾಗಲ್ಲ. ಇದನ್ನು ತಿಳಿಯಲು ನಮಗೆ 27 ವರ್ಷ ಬೇಕಾಯ್ತು. ನಿಮಗೆ ಇವತ್ತೇ ತಿಳಿಯಲಿ ಅಂತ ಇಲ್ಲಿ ನಿಂತು ಹೇಳಿದ್ದೇವೆ. ಇನ್ನೊಂದು ಮಾತು. ಬೇರೆ ಯಾವ ಮಗುವಾದರೂ ಎದ್ದು ನಿಂತು ತೊದಲಿದಾಗ ನೀವು ನಗಬೇಡಿ.

 ಸಾಯಂಕಾಲದ ಹಾಲು ಎಂದಿನಂತೆ ಐದೂವರೆಗೆ ಶುರು, ಯಾರೂ ತಡ ಮಾಡಬಾರದು.

ಜೈ ಹಿಂದ್, ಜೈ ಕರ್ನಾಟಕ.